ಅಳಿದ ಮಂಟಪದೊಳಗೆ ನಡಿಗೆ: ವರ್ಚುವಲ್ ರಿಯಾಲಿಟಿ ಮತ್ತು ಇತಿಹಾಸದ ಆಧಾರಗಳು

ಹಂಪೆಯ ಮಹಾನವಮಿ ದಿಬ್ಬವನ್ನು ಕಂಡವರಿಗೆ ಒಂದು ಕೊರತೆಯ ಅನುಭವವಾಗುವುದು ಸಹಜ. ಕುದುರೆ, ಆನೆ, ಬೇಟೆ, ನರ್ತನಗಳ ಉಬ್ಬುಶಿಲ್ಪಗಳಿಂದ ತುಂಬಿದ ಎತ್ತರವಾದ ಜಗತಿ ಉಳಿದಿದೆ. ಅದರ ಮೇಲೆ ಏನಿತ್ತೋ ಅದು ಉಳಿದಿಲ್ಲ. ಸಮೀಪದ ನೂರು ಕಂಬಗಳ ಸಭಾಮಂಟಪದ ಸ್ಥಿತಿಯೂ ಇದೇ. ಕಂಬಗಳನ್ನು ನಿಲ್ಲಿಸಿದ್ದ ಬುಡದ ಕಲ್ಲುಗಳ ಗುರುತುಗಳಿವೆ, ಕಂಬಗಳಿಲ್ಲ. ಅವು ಮರದವಾಗಿದ್ದುದರಿಂದ ನಾಶವಾದುವೆಂದು ವಿದ್ವಾಂಸರು ಊಹಿಸಿದ್ದಾರೆ. ಈ ಕೊರತೆಯನ್ನು ತುಂಬಿಕೊಡುವ ಭರವಸೆಯೊಡನೆ ಈಗ ಒಂದು ಯಂತ್ರವಿದ್ಯೆ ಮುಂದೆ ಬಂದಿದೆ. ಅದನ್ನು ನಾವು ಪರೀಕ್ಷಿಸಿದ ಬಗೆಯನ್ನೂ, ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದರ ವಿಷಯದಲ್ಲಿ ತಳೆಯಬೇಕಾದ ನಿಲುವನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

೧. ವಿದ್ಯೆಯ ಸ್ವರೂಪ

ವರ್ಚುವಲ್ ರಿಯಾಲಿಟಿ ಎಂಬ ಹೆಸರು ಪ್ರಚಾರಕ್ಕೆ ಬಂದುದು ೧೯೮೦ರ ದಶಕದ ಕೊನೆಯಲ್ಲಿ. ವಿದ್ಯೆಯಾದರೋ ಅದಕ್ಕಿಂತ ಹಳೆಯದು. ೧೯೬೮ರಲ್ಲಿಯೇ ಅಮೆರಿಕದ ಐವಾನ್ ಸದರ್ಲೆಂಡರು ತಲೆಗೆ ತೊಡುವ ದರ್ಶಕವೊಂದನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಅದನ್ನು ಚಾವಣಿಗೆ ಜೋಡಿಸಿ ತೂಗುಬಿಡಬೇಕಾಗಿತ್ತು. ಅದರಲ್ಲಿ ಕಾಣುತ್ತಿದ್ದುದು ಬರಿಯ ಗೆರೆಗಳ ಆಕೃತಿ. ೧೯೮೦ರ ದಶಕದಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಬ್ರೂಕ್ಸರೂ ಅವರ ಸಂಗಡಿಗರೂ ಇನ್ನೂ ಕಟ್ಟಿ ಮುಗಿಯದಿದ್ದ ತಮ್ಮ ವಿಭಾಗದ ಕಟ್ಟಡದೊಳಗೆ, ನಕ್ಷೆಗಳ ಆಧಾರದಿಂದ, ಕಣ್ಣಿನಿಂದ ಸಂಚರಿಸುವ ಏರ್ಪಾಡನ್ನು ಮಾಡಿದರು. ಕಟ್ಟಬೇಕಾದ ಮನೆಯನ್ನು ಮೊದಲೇ ಹೊಕ್ಕು ನೋಡಬಹುದಾದರೆ, ಕೆಟ್ಟುಹೋದ ಮನೆಯನ್ನು ಮತ್ತೆ ಹೊಕ್ಕು ನೋಡುವುದೂ ಸಾಧ್ಯವಾಗಬೇಕಷ್ಟೆ.

ಇದರ ತತ್ತ್ವ ಸರಳವಾದುದು. ಹೆಡ್‌ಸೆಟ್ಟಿನೊಳಗೆ ಎರಡು ಕಣ್ಣುಗಳಿಗೂ ತುಸು ಬೇರೆಯಾದ ಎರಡು ಚಿತ್ರಗಳು ಕಾಣುತ್ತವೆ. ಅದರಿಂದ ಆಳದ ಅರಿವುಂಟಾಗುತ್ತದೆ. ತಲೆ ಎತ್ತ ತಿರುಗಿತು, ದೇಹ ಎಷ್ಟು ಮುಂದೆ ಸರಿಯಿತು ಎಂಬುದನ್ನು ಅದರಲ್ಲಿಯೇ ಇರುವ ಕ್ಯಾಮರಾಗಳು ಅಳೆಯುತ್ತಿರುತ್ತವೆ. ಅದಕ್ಕನುಗುಣವಾಗಿ ಚಿತ್ರವು ಸೆಕೆಂಡಿಗೆ ಸುಮಾರು ೯೦ ಸಲ ಹೊಸದಾಗಿ ಮೂಡುತ್ತದೆ. ಸಣ್ಣ ಕೋಣೆಯಲ್ಲಿ ದೊಡ್ಡ ಕಟ್ಟಡವನ್ನು ನಡೆದು ನೋಡುವುದಕ್ಕೂ ಒಂದು ಉಪಾಯವಿದೆ. ನಡೆಯುವವನಿಗೆ ತಿಳಿಯದಷ್ಟು ಅಲ್ಪವಾಗಿ ದೃಶ್ಯವನ್ನು ತಿರುಗಿಸುತ್ತ ಹೋದರೆ, ಅವನು ನೇರವಾಗಿ ನಡೆದೆನೆಂದು ನಂಬಿ ವೃತ್ತಾಕಾರವಾಗಿ ಸುತ್ತುತ್ತಾನೆ. ೨೦೦೧ರಲ್ಲಿ ಅದೇ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಪ್ರಯೋಗದಿಂದ ತೋರಿಸಿದರು. ಕಾಲು ನಂಬಿದ್ದನ್ನು ಮನಸ್ಸು ಪ್ರಶ್ನಿಸುವುದಿಲ್ಲವೆಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ವಾದಕ್ಕೆ ಇದು ಬೇಕಾಗುತ್ತದೆ.

೨. ನಮ್ಮ ಅನುಭವ

ಕಳೆದ ವರ್ಷ ಪ್ರದರ್ಶನವೊಂದಕ್ಕೆ ನಮ್ಮ ವಿದ್ಯಾರ್ಥಿಗಳನ್ನು ಕರೆದೊಯ್ದಾಗ, ವಿಜಯನಗರದ ಅರಮನೆಯ ಆವರಣವನ್ನು ಹೀಗೆ ನಡೆದು ನೋಡುವ ಅವಕಾಶ ದೊರೆಯಿತು. ಬರಿದಾದ ಒಂದು ಹಜಾರ. ಉದ್ದ ಹತ್ತು ಹೆಜ್ಜೆ. ಹೆಡ್‌ಸೆಟ್ಟನ್ನು ತೊಟ್ಟೊಡನೆ ನೂರು ಕಂಬಗಳು ಸಾಲುಗೊಂಡು ನಿಂತವು. ಮೊದಲು ನಮಗೆ ಹೊಳೆದುದು ಅಳತೆ. ನಕ್ಷೆಯಲ್ಲಿ ಹತ್ತು ಹತ್ತರ ಚೌಕವೆಂದು ಎಷ್ಟೋ ವರ್ಷಗಳಿಂದ ಪಾಠ ಹೇಳಿದ್ದೆವು. ಅಷ್ಟು ಕಂಬಗಳ ನಡುವೆ ನಿಂತವನಿಗೆ ಸಿಂಹಾಸನವು ಬಹುತೇಕ ಕಾಣದೆಂಬುದು ಮಾತ್ರ ತೋಚಿರಲಿಲ್ಲ. ರಾಜದರ್ಶನವೆಂದರೆ ಯಾರಿಗೆ ದರ್ಶನ ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟಿತು. ಬಳಿಕ ದಿಬ್ಬದ ಮೆಟ್ಟಿಲುಗಳನ್ನು ಏರಿದೆವು. ಕಣ್ಣು ಏರುತ್ತಿತ್ತು, ಕಾಲು ಮಾತ್ರ ಸಮತಟ್ಟಾದ ನೆಲವನ್ನೇ ತುಳಿಯುತ್ತಿತ್ತು. ಈ ವಿರೋಧದಿಂದ ತಲೆ ಸುತ್ತಿ, ಕೆಲವು ನಿಮಿಷ ಕುಳಿತುಕೊಳ್ಳಬೇಕಾಯಿತು. ಊರುಗೋಲಿನ ಸಹಾಯದಿಂದ ನಡೆಯುವ ನಮ್ಮ ವಿದ್ಯಾರ್ಥಿಯೊಬ್ಬನಾದರೋ ದಿಬ್ಬದ ನೆತ್ತಿಯಿಂದ ಸುತ್ತಲೂ ನೋಡಿ ಬಹಳ ಹೊತ್ತು ಇಳಿಯಲೊಲ್ಲದೆ ಹೋದನು. ಹಂಪೆಯಲ್ಲಿ ಅವನು ಕೆಳಗೇ ನಿಂತಿದ್ದವನು. ಈ ವಿದ್ಯೆಯನ್ನು ಆಟಿಕೆಯೆಂದು ತಳ್ಳಿಹಾಕಲು ಅಂದಿನಿಂದ ನಮಗೆ ಮನಸ್ಸು ಬಂದಿಲ್ಲ.

೩. ಆಧಾರವೂ ಊಹೆಯೂ

ತೊಡಕು ಕಾಣಿಸಿಕೊಂಡುದು ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ. ಸಭಾಮಂಟಪದ ಕಂಬಗಳಿಗೆ ಕೆಂಪು ಅರಗಿನ ಬಣ್ಣವಿತ್ತೆಂದು ಹಲವರು ಬರೆದಿದ್ದರು. ಆಧಾರವೇನೆಂದು ಕೇಳಲಾಗಿ, "ನಾವೇ ಕಂಡೆವಲ್ಲ" ಎಂದರು. ಆ ಕೆಂಪು ಚಿತ್ರಕಾರನ ಆಯ್ಕೆಯೇ ಹೊರತು ಶಾಸನದ್ದೂ ಅಲ್ಲ, ಉತ್ಖನನದ್ದೂ ಅಲ್ಲ. ತಪ್ಪು ವಿದ್ಯಾರ್ಥಿಗಳದೆಂದು ಹೇಳಲಾರೆವು; ಮುಂಚಿತವಾಗಿ ಎಚ್ಚರಿಸದೆ ಕರೆದೊಯ್ದವರು ನಾವೇ.

ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಬೇಕು. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಇಂದು ಶಿಖರವಿಲ್ಲ. ಆದರೆ ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ಆ ಶಿಖರವನ್ನು ಯಂತ್ರದಲ್ಲಿ ಮತ್ತೆ ಕಟ್ಟಿದರೆ ಅದು ಆಧಾರವುಳ್ಳ ಪುನಾರಚನೆ. ದಿಬ್ಬದ ಮೇಲಣ ಮಂಟಪಕ್ಕೆ ಛಾಯಾಚಿತ್ರದ ಸಾಕ್ಷ್ಯವಿಲ್ಲ. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸನಾದ ಪೇಯಸನು ಮಹಾನವಮಿಯ ವೈಭವವನ್ನು ವರ್ಣಿಸಿದ್ದಾನೆ. ೧೯೦೦ರಲ್ಲಿ ಸಿವೆಲ್ಲನು ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಬಟ್ಟೆಬರೆ, ಒಡವೆ, ಮೆರವಣಿಗೆಗಳಿಗೆ ಅದು ಅಮೂಲ್ಯವಾದ ಸಾಕ್ಷ್ಯ. ಮರಗೆಲಸದ ಅಳತೆಗಳನ್ನು ಮಾತ್ರ ಅದರಿಂದ ಪಡೆಯಲಾಗದು. ಹೀಗೆ ಒಂದು ಸಾಕ್ಷ್ಯಸಿದ್ಧ, ಇನ್ನೊಂದು ಬಹುಮಟ್ಟಿಗೆ ಊಹೆ. ಹೆಡ್‌ಸೆಟ್ಟಿನೊಳಗೆ ಎರಡಕ್ಕೂ ಒಂದೇ ಹೊಳಪು, ಒಂದೇ ನೆರಳು. ಗ್ರಂಥದಲ್ಲಿ "ಇದ್ದಿರಬಹುದು" ಎಂಬ ಮಾತಿಗೆ ಸ್ಥಳವಿದೆ. ಕಂಬಕ್ಕೆ ಆ ಕ್ರಿಯಾಪದವಿಲ್ಲ. ಅದು ನಿಂತಿರಬೇಕು, ಇಲ್ಲವೆ ಇಲ್ಲದಿರಬೇಕು.

ಈ ತೊಡಕನ್ನು ವಿದ್ವಾಂಸರು ಗಮನಿಸದೆ ಇಲ್ಲ. ೨೦೦೬ರಲ್ಲಿ ರೂಪುಗೊಂಡು ೨೦೦೯ರಲ್ಲಿ ಪರಿಷ್ಕೃತವಾದ ಲಂಡನ್ ಸನ್ನದಿನ ಪ್ರಕಾರ, ತೋರಿಸುತ್ತಿರುವುದು ಇಂದಿನ ಸ್ಥಿತಿಯೋ, ಆಧಾರವುಳ್ಳ ಪುನಾರಚನೆಯೋ, ಕೇವಲ ಊಹೆಯೋ ಎಂಬುದು ನೋಡುವವರಿಗೆ ತಿಳಿಯುವಂತಿರಬೇಕು. ನಿರ್ಣಯಗಳ ಕಾರಣಗಳೂ ದಾಖಲಾಗಬೇಕು. ನಾವು ಕಂಡ ಪ್ರದರ್ಶನದಲ್ಲಿ ಇಂತಹ ಯಾವ ಸೂಚನೆಯೂ ಇರಲಿಲ್ಲ.

೪. ಮುಂದಿನ ದಾರಿ

ಈ ವಿದ್ಯೆ ಹರಡುವುದರಲ್ಲಿ ಸಂದೇಹವಿಲ್ಲ. ೨೦೨೨ರಲ್ಲಿ ಪ್ಯಾರಿಸಿನಲ್ಲಿ ನೋಟ್ರ ಡಾಮ್ ಚರ್ಚನ್ನೂ ಈಜಿಪ್ಟಿನ ಖುಫು ಪಿರಮಿಡ್ಡನ್ನೂ ಸುಮಾರು ೪೫ ನಿಮಿಷ ನಡೆದು ನೋಡುವ ಪ್ರದರ್ಶನಗಳು ಪ್ರಾರಂಭವಾದುವು. ಆದರೆ ಈ ವಿದ್ಯೆಯ ಆಯುಸ್ಸು ಅನಿಶ್ಚಿತ. ಅನೇಕ ತರಗತಿಗಳಲ್ಲಿ ಬಳಕೆಯಲ್ಲಿದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ ಎಂಬ ಪ್ರವಾಸ ಸಾಧನವು ೨೦೨೧ರಲ್ಲಿ ನಿಂತುಹೋಯಿತು. ಕಲ್ಲಿನ ದಿಬ್ಬ ಐದು ಶತಮಾನ ಬಾಳಿದೆ. ಅದರ ಯಂತ್ರರೂಪ ಐದು ವರ್ಷ ಬಾಳುವ ಭರವಸೆಯಿಲ್ಲ. ಆದುದರಿಂದ ಪುನಾರಚನೆಯ ಆಧಾರಗಳನ್ನು ಕಾಗದದ ಮೇಲೂ ಬರೆದು ಗ್ರಂಥಾಲಯದಲ್ಲಿಡುವುದು ಯುಕ್ತ.

ಅಧ್ಯಾಪಕರು ಕೂಡಲೇ ಕೈಗೊಳ್ಳಬಹುದಾದ ಕ್ರಮಗಳು ಎರಡು. ಹೆಡ್‌ಸೆಟ್ಟಿಗೆ ಮೊದಲು ಪೇಯಸನ ಆ ಪುಟಗಳನ್ನೂ ಗ್ರೀನ್‌ಲಾನ ಚಿತ್ರಗಳನ್ನೂ ತರಗತಿಯಲ್ಲಿ ಪರಿಶೀಲಿಸುವುದು ಒಂದು. ಕಂಡುಬಂದ ಪ್ರತಿಯೊಂದು ಅಂಶಕ್ಕೂ ಕಲ್ಲು, ಬರಹ, ಚಿತ್ರ, ಊಹೆ ಎಂಬ ನಾಲ್ಕರಲ್ಲಿ ಒಂದನ್ನು ವಿದ್ಯಾರ್ಥಿಗಳೇ ಬರೆಯುವಂತೆ ಮಾಡುವುದು ಇನ್ನೊಂದು. ಮುಂದಿನ ವರ್ಷ ಇದನ್ನು ನಾವೇ ಆಚರಣೆಗೆ ತರಲಿದ್ದೇವೆ. ಕೆಂಪು ಕಂಬಗಳ ಉತ್ತರಕ್ಕೆ ಅಂಕ ಕಳೆಯಲಿಲ್ಲ, ಅಂಚಿನಲ್ಲಿ "ಆಧಾರ?" ಎಂದಷ್ಟೇ ಬರೆದು ಹಿಂದಿರುಗಿಸಿದೆವು. ಅದೇ ಪ್ರಶ್ನೆಯನ್ನು ಅವರು ಯಂತ್ರವನ್ನೂ ನಮ್ಮನ್ನೂ ಕೇಳುವಂತಾದರೆ, ಆ ನಡಿಗೆ ವ್ಯರ್ಥವಾಗಲಿಲ್ಲವೆಂದು ತಿಳಿಯುವೆವು.