ತೆಪ್ಪದವರು ಬಲ್ಲ ನೀರು

ಬಿಟಿಎಂ ಲೇಔಟಿನ ರಸ್ತೆಗಳಲ್ಲಿ ಹಾಲಿನ ವ್ಯಾನು, ಪೇಪರ್ ಹುಡುಗರ ಸೈಕಲ್ಲು ಬಿಟ್ಟರೆ ಬೇರೇನೂ ಓಡಾಡದ ಹೊತ್ತಿಗೆ ಮಡಿವಾಳ ಕೆರೆಯ ಮೇಲೆ ಕೆಲಸ ಶುರುವಾಗಿರುತ್ತದೆ. ಮೀನು ಹಿಡಿಯುವ ಕಾಲದಲ್ಲಿ ಹಿಂದಿನ ಸಂಜೆ ಬಿಟ್ಟು ಬಂದ ಬಲೆಗಳನ್ನು ಎತ್ತಲು ಬೆಳಕು ಹರಿಯುವ ಮೊದಲೇ ತೆಪ್ಪಗಳು ನೀರಿಗಿಳಿಯುತ್ತವೆ. ಒಂದು ತೆಪ್ಪ, ಒಬ್ಬ ಆಳು, ಕೈಯಲ್ಲೊಂದು ಹುಟ್ಟು. ವಾಕಿಂಗ್ ಬರುವವರು ಏರಿಯ ಮೇಲೆ ಸೇರುವಷ್ಟರಲ್ಲಿ ತೆಪ್ಪದವರ ದಿನದ ಮುಖ್ಯ ಕೆಲಸ ಮುಗಿದಿರುತ್ತದೆ.

ಕಡಲಿನಲ್ಲಿ ಕಯಾಕ್ ಹತ್ತಿ ಗಾಳ ಹಾಕುವ ಹವ್ಯಾಸ ಈಗ ಹಲವು ದೇಶಗಳಲ್ಲಿ ಬೆಳೆದಿದೆ. ನಮ್ಮಲ್ಲೂ ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿ ಸೀತಾನದಿಯ ಹಿನ್ನೀರು, ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸಲು ಜನ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಹೋಗುತ್ತಾರೆ. ಅದೇ ಕುಲದ ದೋಣಿಯೊಂದು ಜಯನಗರ, ಜೆಪಿ ನಗರದ ಪಕ್ಕದಲ್ಲೇ ದುಡಿಯುತ್ತಿದೆ ಎಂಬುದು ಅವರಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ. ಕಯಾಕ್ ಮೂಲತಃ ಉತ್ತರಧ್ರುವದ ಕಡೆಯ ಇನುಯಿಟ್ ಜನರ ಬೇಟೆದೋಣಿ. ಮರ, ಮೂಳೆಗಳ ಚೌಕಟ್ಟು ಕಟ್ಟಿ ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಅದನ್ನು ಮಾಡುತ್ತಿದ್ದರು. ನಮ್ಮ ತೆಪ್ಪ ಬಿದಿರಿನ ಚೌಕಟ್ಟಿನ ಮೇಲೆ ದನ, ಎಮ್ಮೆಗಳ ಚರ್ಮ ಹೊದಿಸುತ್ತಿದ್ದ ದೋಣಿ. ಎರಡೂ ಹಗುರ, ಎರಡೂ ನೀರಿನ ಮಟ್ಟದಲ್ಲೇ ಕೂತು ನಡೆಸುವಂಥವು. ಹಾಗೆ ಕೂತವರು ನೀರನ್ನು ಅರಿಯುವ ಬಗೆಯೇ ಬೇರೆ. ಆ ಅರಿವಿಗೆ ನಗರ ಇನ್ನೂ ಬೆಲೆ ಕಟ್ಟಿಲ್ಲ.

ಚರ್ಮದಿಂದ ಫೈಬರಿಗೆ

ತುಂಗಭದ್ರೆಯ ದಂಡೆಯಲ್ಲಿ ಇದು ಹರಿಗೋಲು. ಬೆಂಗಳೂರು, ಮಂಡ್ಯ ಕಡೆ ತೆಪ್ಪ. 1520ರ ಸುಮಾರಿಗೆ ವಿಜಯನಗರ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಆನೆಗೊಂದಿಯ ಕಡೆಗೆ ಜನ ಬುಟ್ಟಿಯಾಕಾರದ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು, ಇಪ್ಪತ್ತು ಮಂದಿ ಕೂರಬಹುದು. ದೋಣಿ ಸುತ್ತುತ್ತಲೇ ಮುಂದೆ ಹೋಗುತ್ತದೆ ಎಂಬಷ್ಟು ವಿವರ ಅವನಲ್ಲಿದೆ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಈ ದೋಣಿಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಇರಾಕಿನ ಟೈಗ್ರಿಸ್ ನದಿ ಮತ್ತು ಬ್ರಿಟನ್ನಿನ ವೇಲ್ಸ್‌ನ ಹೊಳೆಗಳಲ್ಲಿದ್ದ ಬುಟ್ಟಿದೋಣಿಗಳ ಬಗ್ಗೆಯೂ ಅವರು ವಿಸ್ತಾರವಾಗಿ ಬರೆದಿದ್ದಾರೆ.

ತೆಪ್ಪ ಕಟ್ಟುವುದು ತಳದಿಂದ ಶುರು. ಬಿದಿರನ್ನು ಉದ್ದಕ್ಕೆ ಸೀಳಿ, ಆ ದಬ್ಬೆಗಳನ್ನು ನೆಲದ ಮೇಲೆ ಹರಡಿ, ಒಂದರ ಮೇಲೊಂದು ಹಾಯಿಸಿ ಹೆಣೆಯುತ್ತಾರೆ. ಹೆಣಿಗೆ ಮೇಲೇಳದಂತೆ ನಡುವೆ ಕಲ್ಲು ಹೇರಿ, ತುದಿಗಳನ್ನು ಸುತ್ತಲಿಂದ ಬಗ್ಗಿಸಿ ಅಂಚು ಕಟ್ಟುತ್ತಾರೆ. ಅಂಚಿಗೆ ಹಲವು ಪದರ ಬಿದಿರು ಸುತ್ತಿ ಬಿಗಿದರೆ ಬುಟ್ಟಿ ಗಟ್ಟಿಯಾಗುತ್ತದೆ. ಚರ್ಮದ ಕಾಲ ಹೋಗಿ, ಹೊಲಿದ ಗೊಬ್ಬರದ ಚೀಲ ಅಥವಾ ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುವ ಕಾಲ ಬಂತು. ಈಗ ಅನೇಕ ಕಡೆ ಅಚ್ಚಿನಲ್ಲಿ ಮಾಡಿದ ಫೈಬರ್ ತೆಪ್ಪಗಳೇ ಇವೆ. ವಸ್ತು ಬದಲಾದರೂ ಆಕಾರ ಬದಲಾಗಿಲ್ಲ, ಏಕೆಂದರೆ ಆ ಆಕಾರ ಮಾಡುವ ಕೆಲಸವನ್ನು ಬೇರೆ ಯಾವುದೂ ಅಷ್ಟು ಅಗ್ಗವಾಗಿ ಮಾಡಲಾರದು.

ಅಗಲವಾದ ತಳದಿಂದಾಗಿ ತೆಪ್ಪ ಮೊಣಕಾಲುದ್ದಕ್ಕಿಂತ ಕಡಿಮೆ ನೀರಿನಲ್ಲೂ ತೇಲುತ್ತದೆ. ಒಬ್ಬರೇ ಬೆನ್ನ ಮೇಲೆ ಕವುಚಿಕೊಂಡು ಏರಿ ಹತ್ತಿಸಬಹುದು. ಮುಂದು, ಹಿಂದು ಎಂಬುದಿಲ್ಲದ ಕಾರಣ ಬಲೆ ಯಾವ ಕಡೆಗಿದ್ದರೂ ಇದ್ದಲ್ಲೇ ತಿರುಗಿ ಎಳೆಯಬಹುದು. ಕಡಲಿಗೆ ಮಾತ್ರ ಇದು ಸಲ್ಲದು. ಅಲೆಯನ್ನು ಸೀಳಿ ಹೋಗಲು ಉದ್ದ ಬೇಕು. ಹಾಗಾಗಿಯೇ ಉತ್ತರ ಕನ್ನಡದ ಒಂಟಿ ಮೀನುಗಾರರದು ಉದ್ದನೆಯ ಪಾತಿ ದೋಣಿ.

ತೆಪ್ಪದ ಹುಟ್ಟು ಹಾಕುವುದು ಕಲಿತು ಬರಬೇಕಾದ ವಿದ್ಯೆ. ಹೊಸಬರು ಪಕ್ಕದಲ್ಲಿ ಹುಟ್ಟು ಹಾಕಿದರೆ ತೆಪ್ಪ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಬಲ್ಲವರು ಮುಂದಕ್ಕೆ ಬಾಗಿ, ಎದುರಿನ ನೀರಿನಲ್ಲಿ ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಆಗ ಅದು ನೇರವಾಗಿ ಹೋಗುತ್ತದೆ.

ಬಲೆ ಎತ್ತುವ ಹೊತ್ತು

ಕೆರೆಗಳ ಮೀನು ಪಾಶುವಾರು (ಮೀನು ಹಿಡಿಯುವ) ಹಕ್ಕು ಗುತ್ತಿಗೆಯ ವ್ಯವಹಾರ. ಗುತ್ತಿಗೆ ಹಿಡಿದವರು ಮರಿ ಬಿಡುತ್ತಾರೆ. ಅವರ ಪರವಾಗಿ ಮೀನುಗಾರರು ಹಿಡಿಯುತ್ತಾರೆ. ಬಲೆಯ ಮೇಲಂಚಿನಲ್ಲಿ ಬೆಂಡು, ಕೆಳಂಚಿನಲ್ಲಿ ಸೀಸದ ಗುಂಡು ಇರುವುದರಿಂದ ಅದು ನೀರಿನಲ್ಲಿ ಪರದೆಯಂತೆ ನೆಟ್ಟಗೆ ನಿಲ್ಲುತ್ತದೆ. ಬಲೆಯ ಕಣ್ಣಿನ ಅಳತೆಗೆ ತಕ್ಕ ಮೀನು ತಲೆ ತೂರಿಸಿ, ಕಿವಿರು ಸಿಕ್ಕಿಕೊಂಡು ನಿಲ್ಲುತ್ತದೆ. ಅದಕ್ಕಿಂತ ಚಿಕ್ಕದು ಹಾಯ್ದು ಹೋಗುತ್ತದೆ. ಬಲೆಯ ಕಣ್ಣು ದೊಡ್ಡದಿದ್ದರೆ ಮರಿಗಳು ಬೆಳೆಯಲು ಉಳಿಯುತ್ತವೆ. ಕೆರೆಯ ನಾಳೆ ಆ ಕಣ್ಣಿನಳತೆಯಲ್ಲಿದೆ.

ಬೆಳಗಿನ ಜಾವ ತೆಪ್ಪದವರು ಮೊದಲು ಬೆಂಡಿನ ಸಾಲು ಹುಡುಕುತ್ತಾರೆ. ಒಂದು ಕೈಯಲ್ಲಿ ಮೇಲಿನ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಬಲೆಯನ್ನು ಮಡಿಲ ಕಡೆಗೆ ಸೇರಿಸುತ್ತಾರೆ. ಎಳೆದಂತೆಲ್ಲ ತೆಪ್ಪ ತಾನಾಗಿ ಬಲೆಯ ಗುಂಟ ಸಾಗುತ್ತದೆ, ಹುಟ್ಟಿನ ಹಂಗಿಲ್ಲ. ಮೀನು ಸಿಕ್ಕಿದ ಜಾಗ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ತಿಳಿಯುತ್ತದೆ. ಅದು ಬಾಲ ಬಡಿಯದಂತೆ ತಲೆಯನ್ನು ಅದುಮಿ, ಕಿವಿರಿನಿಂದ ನೂಲನ್ನು ಹಿಂದಕ್ಕೆ ಬಿಡಿಸಿ, ತಳಕ್ಕೆ ಹಾಕಿ ಮುಂದುವರಿಯುತ್ತಾರೆ.

ಬಲೆಗೆ ಬೀಳುವ ಮೀನು ಕೆರೆಯ ಸ್ಥಿತಿಯನ್ನೂ ಹೇಳುತ್ತದೆ. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರನ್ನೂ ಒಟ್ಟಿಗೆ ಸಾಕಿದರೆ ಒಂದೇ ಕೆರೆಯಲ್ಲಿ ಮೂರು ಅಂತಸ್ತಿನ ಬೆಳೆ. ಇವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಹರಿವ ಹೊಳೆ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಹಾರ್ಮೋನ್ ಚುಚ್ಚಿ ಇಂಥ ಮೀನುಗಳಿಂದ ಮರಿ ಮಾಡಿಸಿದ್ದರಿಂದಲೇ ಊರೂರಿನ ಕೆರೆಗೆ ಮರಿ ಬಿಡುವುದು ಸಾಧ್ಯವಾಯಿತು. ಆ ದಿನವನ್ನು ದೇಶ ಇಂದಿಗೂ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಬಲೆಯಲ್ಲಿ ಈ ಮೂರೂ ಕಡಿಮೆಯಾಗಿ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಹೆಚ್ಚಾದರೆ ತೆಪ್ಪದವರು ತಲೆಯಾಡಿಸುತ್ತಾರೆ. ಎಂಥ ಕೊಳೆನೀರಿನಲ್ಲೂ ಬದುಕುವ ಮೀನುಗಳು ಅವು.

ಕೆರೆಗೆ ಉಸಿರು ಕಟ್ಟಿದಾಗ

ಚರಂಡಿ ನೀರು ಸೇರಿದ ಕೆರೆಯಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲು ಬಿಸಿಲಿನಲ್ಲಿ ಅದು ಆಮ್ಲಜನಕ ಬಿಡುತ್ತದೆ. ರಾತ್ರಿಯಿಡೀ ತಾನೂ ಆಮ್ಲಜನಕ ಹೀರುತ್ತದೆ. ಹಾಗಾಗಿ ನೀರಿನಲ್ಲಿ ಕರಗಿದ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮೊದಲು. ಮೀನುಗಾರಿಕೆಗೆ ಒಗ್ಗುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಅದಕ್ಕಿಂತ ತೀರಾ ಕೆಳಗಿಳಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಊರೆಲ್ಲ ಬೆಚ್ಚಿತು.

ನೀರಿನ ಪರೀಕ್ಷೆಗೆಂದು ಹಗಲು ಹನ್ನೊಂದಕ್ಕೆ ಬಂದು ಬಾಟಲಿಗೆ ನೀರು ತುಂಬಿಕೊಂಡು ಹೋದರೆ ಈ ಗುಟುಕರಿಕೆ ಕಾಣುವುದಿಲ್ಲ. ಅಷ್ಟರಲ್ಲಿ ಪಾಚಿ ಮತ್ತೆ ಆಮ್ಲಜನಕ ಬಿಡತೊಡಗಿರುತ್ತದೆ. ಅದು ಕಾಣುವುದು ಜಾವದಲ್ಲಿ ನೀರಿನ ಮೇಲಿದ್ದವರಿಗೆ. ಯಾವ ತೂಬಿನ ಬಳಿ ನೊರೆ, ಯಾವ ಮೂಲೆಯಲ್ಲಿ ಬಲೆ ಎತ್ತಿದರೆ ಕಪ್ಪು ಲೋಳೆ, ಅಂತರಗಂಗೆ ಗಾಳಿಗೆ ಯಾವ ಕಡೆ ಸರಿಯುತ್ತಿದೆ, ಹೆಜ್ಜಾರ್ಲೆಗಳು ಯಾವ ಭಾಗ ಬಿಟ್ಟು ಹೋಗಿವೆ ಎಂಬುದೆಲ್ಲ ಅವರಿಗೆ ಗೊತ್ತು. ಮಡಿವಾಳದ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಬೆಳ್ಳಂದೂರಿನ ನೊರೆ ಸುದ್ದಿಯಾದಾಗ ಎಲ್ಲರೂ ಕೆಳಗಿನ ಕೆರೆಯನ್ನೇ ನೋಡಿದರು. ಮೇಲಿನ ಕೆರೆಗಳಲ್ಲಿ ಬಲೆ ಎತ್ತುವವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕನಕಪುರ ರಸ್ತೆಯ ಆ ತುದಿ

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯಲ್ಲಿ ಒಳ್ಳೆಯ ಉದಾಹರಣೆಯಿದೆ. ಬನಶಂಕರಿಯಿಂದ ಹೊರಟ ಕನಕಪುರ ರಸ್ತೆ ಕನಕಪುರ ದಾಟಿದ ಮೇಲೆ ಸಂಗಮದ ದಾರಿ ಸಿಗುತ್ತದೆ. ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ನಮ್ಮ ಬಚ್ಚಲ ನೀರನ್ನು ಹೊತ್ತು ಅರ್ಕಾವತಿಗೆ ಸೇರಿ, ಅರ್ಕಾವತಿ ಕಾವೇರಿಗೆ ಸೇರುವುದು ಅಲ್ಲಿಯೇ. ಆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ದಶಕಗಳ ಕಾಲ ಮಹಶೀರ್ ಮೀನಿಗೆ ಗಾಳ ಹಾಕುವ ಶಿಬಿರಗಳಿದ್ದವು. ಹೊಳೆಯವರ ಬಾಯಲ್ಲಿ ಅದು ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರಿಗೆ ಕಬಿನಿಯಲ್ಲಿ ಸಿಕ್ಕ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಅಷ್ಟು ದೊಡ್ಡ ಮೀನಿಗೆ ಎರೆ ನಮ್ಮ ರಾಗಿ. ಹಿಟ್ಟನ್ನು ಬೇಯಿಸಿ, ಚೆನ್ನಾಗಿ ಮಿದ್ದು ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ಸೆಳವಿಗೆ ಕರಗದಷ್ಟು ಗಟ್ಟಿ ಇರಬೇಕು, ಮೀನು ಕಚ್ಚಿದಾಗ ಒಡೆಯುವಷ್ಟು ಮೆತ್ತಗೂ ಇರಬೇಕು. ಆ ಹದ ಬಲ್ಲವರು ದಂಡೆಯ ಹಳ್ಳಿಯವರೇ. ಮೀನು ಗಾಳ ಸಮೇತ ಕೆಳಕ್ಕೆ ಓಡಿದಾಗ ಬಂಡೆಗಳ ನಡುವೆ ತೆಪ್ಪ ನಡೆಸಿ ಬೆನ್ನಟ್ಟುತ್ತಿದ್ದವರೂ ಅವರೇ. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ಹೊಳೆಗೆ ಬಿಡುವುದು ಶಿಬಿರದ ನಿಯಮ.

ವನ್ಯಧಾಮದೊಳಗೆ ಗಾಳ ಹಾಕುವುದನ್ನು ಕಾನೂನು ಒಪ್ಪದೆ 2010ರ ದಶಕದ ಆರಂಭದಲ್ಲಿ ಶಿಬಿರಗಳ ಆ ಚಟುವಟಿಕೆ ನಿಂತಿತು. ಪುಸ್ತಕ ಉಳಿಯಿತು. 1998ರಿಂದ 2012ರವರೆಗಿನ 23,620 ಗಂಟೆಗಳ ಗಾಳ, 6,161 ಮೀನುಗಳ ಲೆಕ್ಕವನ್ನು ಸಂಶೋಧಕರು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಆಗ ಗೊತ್ತಾಗಿದ್ದು ಇದು: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಿತ್ತು, ಕಾವೇರಿ ಕೊಳ್ಳದ ಸ್ವಂತ ಡುಬ್ಬದ ಮಹಶೀರ್ ಇಲ್ಲವಾಗುತ್ತಿತ್ತು. ಜಗತ್ತಿನ ಗಾಳಗಾರರೆಲ್ಲ ಹೆಸರಿಟ್ಟು ಹಾಡಿದ ಆ ಡುಬ್ಬದ ಮೀನಿಗೆ ಖಚಿತ ವೈಜ್ಞಾನಿಕ ಗುರುತು ಸಿಕ್ಕಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಪುಸ್ತಕ ಇಲ್ಲದಿದ್ದರೆ ಅದು ಅಳಿಯುತ್ತಿರುವುದೇ ನಮಗೆ ತಿಳಿಯುತ್ತಿರಲಿಲ್ಲ.

ಕೆರೆಗೊಂದು ಪುಸ್ತಕ

ದಕ್ಷಿಣ ಬೆಂಗಳೂರಿಗೆ ಈ ಪಾಠ ದೂರದ್ದಲ್ಲ. ಜೆಪಿ ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಕಾಪಾಡಿದ್ದಾರೆ. 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾಯಿತು. ಕೆರೆಗಾಗಿ ಬೆಳಿಗ್ಗೆ ಎದ್ದು ಬರುವವರು ಇಲ್ಲಿ ಸಾಕಷ್ಟಿದ್ದಾರೆ. ಅವರು ಏರಿಯ ಮೇಲೆ ನಡೆಯುವಾಗ ದಡಕ್ಕೆ ಬಂದ ತೆಪ್ಪದವರನ್ನು ನಿಲ್ಲಿಸಿ ಮಾತಾಡಿಸಬೇಕು. ಇಂದು ಯಾವ ಮೀನು ಬಿತ್ತು, ಎಷ್ಟು ತೂಕ, ಮೀನು ಮೇಲೆ ಬಂದು ಗುಟುಕರಿಸುತ್ತಿತ್ತೆ, ಎಲ್ಲಿ ವಾಸನೆ ಎಂಬ ನಾಲ್ಕೇ ಪ್ರಶ್ನೆ ಸಾಕು. ಉತ್ತರದ ಪಕ್ಕದಲ್ಲಿ ತಾರೀಖು ಬರೆದಿಟ್ಟರೆ ಒಂದು ವರ್ಷದಲ್ಲಿ ಯಾವ ತಿಂಗಳು, ಯಾವ ಚರಂಡಿ ಕೆರೆಯನ್ನು ಕೆಡಿಸುತ್ತಿದೆ ಎಂದು ಅಧಿಕಾರಿಗಳ ಮುಂದೆ ಇಡಬಹುದು. ಹೇಳಿದವರಿಗೆ ಅದರ ಶ್ರೇಯವೂ ಗೌರವಧನವೂ ಸಲ್ಲಬೇಕು. ಅದು ಅವರ ವಿದ್ಯೆ.

ಅನುಮತಿಯಿಲ್ಲದೆ ಕೆರೆಗೆ ತೆಪ್ಪ ಇಳಿಸುವ ಆಸೆ ಯಾರಿಗೂ ಬೇಡ. ಹೂಳು ತುಂಬಿದ ಕೆರೆ ಈಜು ಬಲ್ಲವರನ್ನೂ ಬಿಡುವುದಿಲ್ಲ. ಮೀನು ಕೊಳ್ಳುವವರು ಯಾವ ಕೆರೆಯದು ಎಂದು ಕೇಳಿ ಕೊಳ್ಳಲಿ. ಗಾಳಿಬೋರೆಯ ಪುಸ್ತಕ ತೆರೆದು ಓದುವಷ್ಟರಲ್ಲಿ ಅಲ್ಲಿನ ಡುಬ್ಬದ ಮೀನು ಬಹುಪಾಲು ಹೋಗಿತ್ತು. ಮಡಿವಾಳ, ಸಾರಕ್ಕಿಗಳಲ್ಲಿ ಇನ್ನೂ ಹೊತ್ತಿದೆ, ಕೇಳಿದರೆ ಹೇಳುವ ಜನರೂ ಇದ್ದಾರೆ. ಪುಸ್ತಕವೊಂದನ್ನು ಈ ವಾರವೇ ಶುರು ಮಾಡಬೇಕು.