ಗಣಕಯಂತ್ರ ಗುರುವಾಗಬಲ್ಲುದೇ?

ಯಂತ್ರವು ಪಾಠ ಹೇಳಬಲ್ಲುದೇ ಎಂಬ ಪ್ರಶ್ನೆ ಹೊಸದಲ್ಲ. 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು ‘ಪ್ಲೇಟೋ’ ಎಂಬ ಗಣಕ ಬೋಧನಾ ವ್ಯವಸ್ಥೆಯನ್ನು ರಚಿಸಿದರು. ಅದು ತೆರೆಯ ಮೇಲೆ ಪ್ರಶ್ನೆಯನ್ನು ತೋರಿಸಿ, ವಿದ್ಯಾರ್ಥಿಯ ಉತ್ತರ ಸರಿಯೋ ತಪ್ಪೋ ಎಂದು ಒಡನೆಯೇ ತಿಳಿಸುತ್ತಿತ್ತು. ತಿಳಿಯದವನು ಗುಂಡಿಯೊತ್ತಿ ನೆರವಿನ ಪಾಠ ಪಡೆಯಬಹುದಿತ್ತು. ಒಬ್ಬೊಬ್ಬರಿಗೂ ಅವರವರ ವೇಗ; ಯಂತ್ರಕ್ಕೆ ಬೇಸರವಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಉಪಾಧ್ಯಾಯರಿಗೆ ಇದು ದುಸ್ಸಾಧ್ಯವೆಂದು ಒಪ್ಪಲೇಬೇಕು.

ಆದರೆ ಆ ಪಾಠಗಳನ್ನು ಬರೆದವರು ಮನುಷ್ಯರೇ. ಇಂದಿನ ಗಣಕಗಳು ತಾವೇ ವಾಕ್ಯ ಹೆಣೆದು ಉತ್ತರಿಸುತ್ತವೆ, ನಿಜ. ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುವುದುಂಟು. ಎಳೆಯ ಮಗುವಿಗೆ ಅದು ಗೊತ್ತಾಗದು. ಇನ್ನು, ಲೆಕ್ಕ ತಪ್ಪಿದ್ದು ತಿಳಿಯದೆಯೋ, ಹಸಿದು ಬಂದದ್ದರಿಂದಲೋ ಎಂಬುದನ್ನು ಮುಖ ನೋಡಿ ಅರಿಯುವವರು ಉಪಾಧ್ಯಾಯರು. ಮಗ್ಗಿಯ ಅಭ್ಯಾಸವನ್ನು ಯಂತ್ರಕ್ಕೆ ಒಪ್ಪಿಸಿ, ಉಳಿದ ಸಮಯವನ್ನು ಅವರು ಮಕ್ಕಳಿಗೆ ಕೊಡುವಂತಾದರೆ ಶಾಲೆಗೆ ಲಾಭವೇ.