ಶೇಂಗಾ ಎಲೆಯಲ್ಲಿ ದನದ ಲಸಿಕೆ: ಬೆಳೆ ಸೋವಿ, ಔಷಧವೂ ಸೋವಿಯೇ?

2022ರಲ್ಲಿ ಲಂಪಿ ರೋಗ ಗಡಿಯ ಎರಡೂ ಕಡೆ ಹಬ್ಬಿ ದನದ ಸಂತೆಗಳು ಬಂದ್ ಆದವು. ಗಡಹಿಂಗ್ಲಜದಲ್ಲಿ ಕನ್ನಡದಲ್ಲಿ ಕೇಳಲಿ, ಮರಾಠಿಯಲ್ಲಿ ಕೇಳಲಿ, ರೈತರ ಮಾತು ಒಂದೇ ಆಗಿತ್ತು: "ಸೂಜಿ ಯಾವಾಗ ಬರತೈತ್ರಿ?" ಆಗ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಇಂಥ ವೈರಸ್ ರೋಗಗಳು ಹತ್ತಿದ ಮೇಲೆ ಪರದಾಡುವುದಕ್ಕಿಂತ ಮೊದಲೇ ತಡೆಯಬೇಕು. ಆ ತಡೆಮದ್ದು ಹೊಲದ ಬೆಳೆಯಲ್ಲೇ ತಯಾರಾದರೆ? ಇದು ಕಟ್ಟುಕತೆಯಲ್ಲ, ಬೆಂಗಳೂರಿನಲ್ಲೇ ಆದ ಕೆಲಸ.

ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಲಕ್ಷ್ಮೀ ಸೀತಾ, ಎಂ.ಎಸ್. ಶೈಲಾ, ಅಭಾ ಖಂಡೇಲ್‌ವಾಲ್ ಮತ್ತು ಅವರ ಜೊತೆಯವರು ರಿಂಡರ್‌ಪೆಸ್ಟ್ ವೈರಸ್ಸಿನ ಒಂದೇ ಒಂದು ಜೀನನ್ನು ಶೇಂಗಾ ಗಿಡಕ್ಕೆ ಸೇರಿಸಿದರು. (ತೆಲುಗರು ಶೇಂಗಾಕ್ಕೆ ವೇರುಶನಗ ಅನ್ನುತ್ತಾರೆ, ಬೇರಿನ ಕಡಲೆ, ಇಲ್ಲಿ ಕೆಲಸ ಮಾಡಿದ್ದು ಮಾತ್ರ ಎಲೆ.) ಗಿಡ ತನ್ನ ಎಲೆಯಲ್ಲಿ ವೈರಸ್ಸಿನ ಹೊರಕವಚದ ಪ್ರೋಟೀನು ತಯಾರಿಸಿತು. ಇಡೀ ವೈರಸ್ ಅಲ್ಲವಾದ್ದರಿಂದ ರೋಗ ಬರುವ ಪ್ರಶ್ನೆಯಿಲ್ಲ. ಆ ಎಲೆ ತಿಂದ ದನಗಳ ರಕ್ತದಲ್ಲಿ ರೋಗ ಎದುರಿಸುವ ಪ್ರತಿಕಾಯಗಳು ಹುಟ್ಟಿದ್ದನ್ನು 2003ರಲ್ಲಿ ಪ್ರಕಟಿಸಿದರು. ಹಳೆಯ ಲಸಿಕೆಗೆ ಬಿಸಿಲು ತಾಗಿದರೆ ಕೆಟ್ಟಿತು, ಬರ್ಫದ ಡಬ್ಬಿಯಲ್ಲೇ ಊರೂರು ಹೊರಬೇಕು. ಮೇವಿನಲ್ಲೇ ಲಸಿಕೆ ಇದ್ದರೆ ಆ ತಾಪತ್ರಯ ಇಲ್ಲ ಎಂಬುದು ಲೆಕ್ಕಾಚಾರ.

ಆದರೆ ರೋಗವೇ ಹೋಯಿತು. ಭಾರತದಲ್ಲಿ ಕೊನೆಗೆ ಕಂಡದ್ದು 1995ರಲ್ಲಿ. 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಿದರು. ಅದೂ ಸೂಜಿಯ ಲಸಿಕೆಯಿಂದಲೇ!

ಎಲೆ ತಿನ್ನಿಸುವುದರಲ್ಲಿ ತೊಡಕೂ ಇದೆ. ಒಂದು ಎಲೆಯಲ್ಲಿ ಮದ್ದು ಹೆಚ್ಚು, ಇನ್ನೊಂದರಲ್ಲಿ ಕಮ್ಮಿ. ಒಂದು ಎತ್ತು ಬುಟ್ಟಿ ಖಾಲಿ ಮಾಡುತ್ತದೆ, ಇನ್ನೊಂದು ಮೂಸಿ ಬಿಡುತ್ತದೆ. ಅಳತೆ ಸರಿಬೇಕಾದರೆ ಪ್ರೋಟೀನನ್ನು ಎಲೆಯಿಂದ ಬೇರ್ಪಡಿಸಿ ಶುದ್ಧ ಮಾಡಬೇಕು. ರೊಕ್ಕ ಹೋಗುವುದು ಅಲ್ಲಿ, ಬೆಳೆಯುವುದರಲ್ಲಲ್ಲ. "ಬೆಳೆ ಸೋವಿ, ಹಂಗಾದ್ರ ಔಷಧನೂ ಸೋವಿ" ಅನ್ನುವವರು ಈ ಖರ್ಚು ಹೇಳುವುದಿಲ್ಲ.

ಅಡತಿ ವ್ಯಾಪಾರಸ್ಥರು ಇನ್ನೊಂದು ಸಂಗತಿ ಗಮನಿಸಬೇಕು. ಅಮೆರಿಕದ ನೆಬ್ರಾಸ್ಕಾದಲ್ಲಿ ಪ್ರೋಡಿಜೀನ್ ಕಂಪನಿ ಹಂದಿಗಳ ಲಸಿಕೆಗಾಗಿ ಮೆಕ್ಕೆಜೋಳ ಬೆಳೆಸಿತ್ತು. ಮರುವರ್ಷ ಅದೇ ಹೊಲದಲ್ಲಿ ಸೋಯಾ. ಉದುರಿದ ಕಾಳು ಮೊಳೆತು ಸೋಯಾದ ಜೊತೆ ಗೋದಾಮು ಸೇರಿತು. 2002ರಲ್ಲಿ ಸುಮಾರು 5 ಲಕ್ಷ ಬುಷೆಲ್ ಸೋಯಾ ನಾಶ ಮಾಡಬೇಕಾಯಿತು. ಇಚಲಕರಂಜಿಯ ಮಗ್ಗಕ್ಕೆ ಬಿಟಿ ಹತ್ತಿಯ ನೂಲು ಬಂದರೆ ಯಾರೂ ತಿನ್ನುವುದಿಲ್ಲ, ಶೇಂಗಾ ಹಾಗಲ್ಲ. ಕಾಳು ಎಣ್ಣೆ ಗಾಣಕ್ಕೆ, ಬಳ್ಳಿ ಮೇವಿಗೆ. ಔಷಧದ ಶೇಂಗಾ ಬಜಾರಿನ ಶೇಂಗಾದಲ್ಲಿ ಬೆರೆತರೆ ಬೇರೆ ಮಾಡುವವರು ಯಾರು?

ಅದಕ್ಕೇ ನನಗೆ ತಂಬಾಕಿನ ಜಾತಿಯೇ ವಾಸಿ ಅನ್ನಿಸುತ್ತದೆ. ಕೆನಡಾದ ಮೆಡಿಕಾಗೊ ಕಂಪನಿ ಗಾಜಿನಮನೆಯೊಳಗೆ ತಂಬಾಕಿನ ಸಂಬಂಧಿ ಗಿಡದಲ್ಲಿ ಕೊರೊನಾ ಲಸಿಕೆ ತಯಾರಿಸಿತು. ಫೆಬ್ರುವರಿ 2022ರಲ್ಲಿ ಅಲ್ಲಿನ ಸರಕಾರ ಒಪ್ಪಿತು. ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ಪಾಲುದಾರನೆಂದು ವಿಶ್ವ ಆರೋಗ್ಯ ಸಂಸ್ಥೆ ಆ ಲಸಿಕೆಯನ್ನು ಪಟ್ಟಿಗೆ ಸೇರಿಸಲಿಲ್ಲ. 2023ರಲ್ಲಿ ಮಾಲೀಕರಾದ ಮಿತ್ಸುಬಿಶಿ ಕೆಮಿಕಲ್‌ನವರು ಕಂಪನಿಯನ್ನೇ ಮುಚ್ಚಿದರು. ಗಿಡ ಸೋಲಲಿಲ್ಲ, ಧಂದೆ ಸೋತಿತು.

ನಿಪ್ಪಾಣಿಯ ತಂಬಾಕು ಬೆಳೆಗಾರರು ಇದರಿಂದ ದರ ಏರುತ್ತದೆಂದು ಕಾಯಬಾರದು. ಅದು ಗಾಜಿನಮನೆಯ ಬೆಳೆ, ಎಕರೆ ಲೆಕ್ಕದ್ದಲ್ಲ. ಲಂಪಿಗೆ, ಕಾಲುಬಾಯಿ ರೋಗಕ್ಕೆ ಸರಕಾರಿ ಸಂಸ್ಥೆಗಳೇ ಇಂಥ ಮದ್ದು ಮಾಡಲಿ. ಕೊಲ್ಹಾಪುರ, ಬೆಳಗಾವಿಯ ಹಾಲಿನ ಸಂಘಗಳು ಮೊದಲು ಕೇಳಬೇಕಾದ್ದು ಗಿಡದ ಹೆಸರಲ್ಲ, ಒಂದು ಎಮ್ಮೆಗೆ ಒಂದು ಸೂಜಿಯ ದರ.